ಶಾಶ್ವತ ಶಾಂತಿಗೊಂದು ತಪ್ಪು–ಒಪ್ಪು ಪಟ್ಟಿ

ಪುಸ್ತಕ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಅದರ ಕೊನೆಯ ಪುಟವನ್ನು. ಕಥೆಯ ಮುಕ್ತಾಯ ತಿಳಿಯುವ ಆತುರ ಎಂದುಕೊಳ್ಳಬೇಡಿ. ನಾನು ಹುಡುಕುವುದು ತಪ್ಪು–ಒಪ್ಪು ಪಟ್ಟಿಯನ್ನು. ಹಳೆಯ ಕನ್ನಡ ಪುಸ್ತಕಗಳ ಹಿಂಭಾಗದಲ್ಲಿ ನಾಲ್ಕು ಅಂಕಣಗಳ ಆ ಪಟ್ಟಿ ಇರುತ್ತಿದ್ದುದು ನಿಮಗೂ ನೆನಪಿರಬಹುದು: ಪುಟ, ಸಾಲು, ತಪ್ಪು, ಒಪ್ಪು. ಮುನ್ನೂರು ಪುಟ ಗತ್ತಿನಿಂದ ಮಾತಾಡಿದ ಲೇಖಕರು ಅಲ್ಲಿಗೆ ಬರುವ ಹೊತ್ತಿಗೆ ಮೆತ್ತಗಾಗಿರುತ್ತಿದ್ದರು. ‘ಕಾಡು’ ಎಂದಿರುವಲ್ಲಿ ‘ಕೂಡು’ ಎಂದು ಓದಿಕೊಳ್ಳಬೇಕೆಂದು ಕೇಳಿಕೊಳ್ಳುತ್ತಿದ್ದರು. ಈಗಿನ ಪುಸ್ತಕಗಳಲ್ಲಿ ಆ ಪುಟ ಕಾಣುವುದಿಲ್ಲ. ತಪ್ಪುಗಳು ಮಾತ್ರ ಮೊದಲಿನಷ್ಟೇ ಇವೆ. ನಾನು ಎಣಿಸಿದ್ದೇನೆ.

ಈ ಚಟ ಬಂದದ್ದು ಅಪ್ಪನಿಂದ. ಅವರು ಮೈಸೂರಿನಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರಾಗಿದ್ದರು. ಸಂಜೆ ಹೊತ್ತು ಪಕ್ಕದ ಬೀದಿಯ ಪ್ರೆಸ್ಸಿಗೆ ಪ್ರೂಫ್ ನೋಡಿಕೊಡುತ್ತಿದ್ದರು. ಇನ್ನೂ ಒಣಗದ ಆ ಹಾಳೆಗಳಲ್ಲಿ ಶಾಯಿ ಮತ್ತು ಸೀಮೆಎಣ್ಣೆ ಬೆರೆತ ವಾಸನೆ ಇರುತ್ತಿತ್ತು. ಅಪ್ಪನ ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಪ್ರೂಫ್ ಮುಗಿದರೂ ಅದು ಕೆಳಗಿಳಿಯುತ್ತಿರಲಿಲ್ಲ. ನೆಂಟರು ಬರೆದ ಕಾಗದ, ಕಿರಾಣಿ ಅಂಗಡಿಯ ಚೀಟಿ, ಗೋಡೆಯ ಮೇಲಿನ ಕ್ಯಾಲೆಂಡರ್, ಯಾವುದೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಒಮ್ಮೆ ಅಮ್ಮನ ಚಿಕ್ಕಪ್ಪನ ಮಗಳ ಮದುವೆಗೆ ಹೋದಾಗ ಉಡುಗೊರೆಯ ಜೊತೆಗೆ, ತಿದ್ದಿದ ಲಗ್ನಪತ್ರಿಕೆಯನ್ನೂ ವಧುವಿನ ತಂದೆಯ ಕೈಗೆ ಕೊಟ್ಟುಬಂದರು. ಆ ಮನೆಯಿಂದ ನಮಗೆ ಮತ್ತೆ ಕರೆ ಬರಲಿಲ್ಲ. ಅಪ್ಪನಿಗೆ ಕಾರಣ ಕೊನೆಯವರೆಗೂ ಹೊಳೆಯಲಿಲ್ಲ. ತಪ್ಪು ತೋರಿಸಿಕೊಟ್ಟವನಿಗೆ ಜನ ಕೃತಜ್ಞರಾಗಿರುತ್ತಾರೆ ಎಂದೇ ಅವರು ನಂಬಿದ್ದರು.

ನಾನೂ ಹಾಗೆಯೇ ನಂಬಿ ಬೆಳೆದೆ. ಸಿಡ್ನಿಗೆ ಬಂದು ಇಪ್ಪತ್ತು ವರ್ಷವಾಯಿತು. ಕ್ವೇಕರ್ಸ್ ಹಿಲ್‌ನಲ್ಲಿ ಮನೆ, ಊರೊಳಗೆ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕಿ ತೋರಿಸಿದರೆ ತಿಂಗಳಿಗೊಮ್ಮೆ ಸಂಬಳ ಕೊಡುತ್ತಾರೆ. ಅಪ್ಪ ಬದುಕಿದ್ದಿದ್ದರೆ ಈ ದೇಶದ ಬಗ್ಗೆ ಅವರಿಗೆ ಅಪಾರ ಗೌರವ ಹುಟ್ಟುತ್ತಿತ್ತು.

ಸ್ಟ್ಯಾನಿಯ ಪರಿಚಯವಾದದ್ದು ಬ್ಲ್ಯಾಕ್‌ಟೌನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ನಾನು ಫೋನಿನಲ್ಲಿ ಮನೆಯವಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ಪಕ್ಕದಲ್ಲಿದ್ದವನು, ಮಾತು ಮುಗಿಯುವವರೆಗೂ ಕಾದು, ನೀವು ಯಾವ ಊರಿನವರು ಎಂದು ಕೇಳಿದ. ಅವನು ಮಂಗಳೂರಿನವನು, ಮನೆಮಾತು ಕೊಂಕಣಿ, ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಎರಡನೇ ಭೇಟಿಯಲ್ಲಿ ಅವನ ತಂದೆ ಚರ್ಚಿನ ಮುದ್ರಣಾಲಯವೊಂದರಲ್ಲಿ ಕಂಪೋಸಿಟರ್ ಆಗಿದ್ದರೆಂದು ತಿಳಿಯಿತು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವವರು. ಅಲ್ಲಿಂದಾಚೆ ನಾವು ಬಹುವಚನ ಬಿಟ್ಟೆವು.

“ನಿನ್ನ ಅಪ್ಪ ತಪ್ಪು ಹುಡುಕುವವರು, ನನ್ನ ಅಪ್ಪ ತಪ್ಪು ಮಾಡುವವರು. ನಮಗೆ ಸರೀ ಆಗಿ ಬರ್ತದೆ ಮಾರಾಯ” ಎಂದು ಅವನು ಎಲ್ಲರೆದುರೂ ಹೇಳುತ್ತಿದ್ದ.

ಇಬ್ಬರೂ ಸೇರಿ ಒಂದು ಕನ್ನಡ ಮಾಸಿಕ ಹೊರಡಿಸಿದೆವು. ಹೆಸರು ಹೇಳುವಷ್ಟು ಕಾಲ ಅದು ಬಾಳಲಿಲ್ಲ. ಹದಿನಾರು ಪುಟ, ಇನ್ನೂರು ಪ್ರತಿ. ಬ್ಲ್ಯಾಕ್‌ಟೌನಿನ ಒಂದು ಪ್ರಿಂಟ್ ಅಂಗಡಿಯಲ್ಲಿ ಮಾಡಿಸಿ, ಶನಿವಾರ ಪೆಂಡಲ್ ಹಿಲ್‌ನ ದಿನಸಿ ಅಂಗಡಿಗಳ ಕೌಂಟರಿನ ಮೇಲೆ ಇಟ್ಟುಬರುತ್ತಿದ್ದೆವು. ಕರಿಬೇವು ಕೊಳ್ಳಲು ಬಂದವರು ಒಂದೊಂದು ಎತ್ತಿಕೊಂಡು ಹೋಗುತ್ತಿದ್ದರು. ಸ್ಟ್ಯಾನಿ ಪ್ರಕಾಶಕ, ನಾನು ಸಂಪಾದಕ. ಸಂಪಾದಕ ಎಂಬ ಪದವನ್ನು ನನ್ನ ಹೆಸರಿನ ಕೆಳಗೆ ಅಚ್ಚಿನಲ್ಲಿ ಕಂಡ ದಿನ ನನಗೆ ಆದ ಹೆಮ್ಮೆಯನ್ನು ಇಲ್ಲಿ ಕಾಯಂ ನೆಲೆಸಲು ಪಿಆರ್ ಬಂದ ದಿನವೂ ಕಂಡಿರಲಿಲ್ಲ.

ನಮ್ಮ ಏಳನೆಯ ಸಂಚಿಕೆಗೆ ಸ್ಟ್ಯಾನಿ ತನ್ನ ತಾಯಿಯ ಬಗ್ಗೆ ಬರೆದ. ಅವರ ಹೆಸರು ಸೆವ್ರಿನಾ ಬಾಯಿ. ಗಂಡ ಮೊಳೆ ಜೋಡಿಸುತ್ತಿದ್ದ ಪ್ರೆಸ್ಸಿನಲ್ಲೇ ಅವರು ಅಚ್ಚಾದ ಹಾಳೆಗಳನ್ನು ಮಡಿಸುವ ಕೆಲಸ ಮಾಡುತ್ತಿದ್ದರು. ಆಗ ಅವರಿಗೆ ಓದು ಬರುತ್ತಿರಲಿಲ್ಲ. ಒಂದು ದಿನ ಗಂಡನ ಕೈಜಾರಿ, ಕಟ್ಟಿ ಮುಗಿಸಿದ್ದ ಪುಟಗಳ ಮೊಳೆಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಪ್ರೆಸ್ಸಿನ ಯಜಮಾನರು ಕೂಗಾಡಿದರು. ಸೆವ್ರಿನಾ ಬಾಯಿ ಮುಂದೆ ಬಂದು, “ಅಕ್ಷರ ಎಲ್ಲಾ ಇಲ್ಲೇ ಉಂಟು, ಎಲ್ಲಿಗೂ ಹೋಗ್ಲಿಲ್ಲ” ಎಂದರು. ಆಮೇಲೆ ಮೂರು ದಿನ ನೆಲದ ಮೇಲೆ ಕೂತು, ಆಕಾರ ನೋಡಿ ನೋಡಿ, ಒಂದೊಂದು ಮೊಳೆಯನ್ನೂ ಅದರ ಗೂಡಿಗೆ ಸೇರಿಸಿದರು. ಅವರು ಅಕ್ಷರ ಕಲಿತದ್ದು ಹಾಗೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರುತ್ತದಲ್ಲ, ಹಾಗಾಗಿ ಕಾಗದದ ಮೇಲಿನ ಅಕ್ಷರವೇ ಅವರಿಗೆ ಬಹಳ ದಿನ ಉಲ್ಟಾ ಕಾಣುತ್ತಿತ್ತಂತೆ.

ಇಂಥ ಬರಹ ನಮ್ಮ ಪತ್ರಿಕೆಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ನಾನು ಅದನ್ನು ತಿದ್ದಿದೆ.

‘ಉಂಟು’ ಇದ್ದಲ್ಲೆಲ್ಲ ‘ಇದೆ’ ಮಾಡಿದೆ. ‘ಹೇಳುದು’ ಎಂಬುದನ್ನು ‘ಹೇಳುವುದು’ ಮಾಡಿದೆ. ಸೆವ್ರಿನಾ ಬಾಯಿಯ ಬಾಯಲ್ಲಿ “ಅಕ್ಷರಗಳೆಲ್ಲವೂ ಇಲ್ಲಿಯೇ ಇವೆ, ಎಲ್ಲಿಗೂ ಹೋಗಿಲ್ಲ” ಎಂದು ಆಡಿಸಿದೆ. ಕಾಗದದ ಅಕ್ಷರ ಉಲ್ಟಾ ಕಾಣುತ್ತಿತ್ತೆಂಬ ಮಾತು ಅಸಂಭವ ಎಂದು ತೀರ್ಮಾನಿಸಿ ಹೊಡೆದುಹಾಕಿದೆ. ಅವನಿಗೆ ತೋರಿಸಲಿಲ್ಲ. ತೋರಿಸಬೇಕು ಎಂದು ಹೊಳೆಯಲೂ ಇಲ್ಲ.

ಸಂಚಿಕೆ ಹೊರಬಂದ ಎರಡು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ ಸ್ಟ್ಯಾನಿ ಬಂದ. ಯಾವಾಗಲೂ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನುಗ್ಗುವವನು ಅಂದು ಹೊಸ್ತಿಲ ಆಚೆಯೇ ನಿಂತ. ಕೈಯಲ್ಲಿ ಪತ್ರಿಕೆ ಇತ್ತು.

“ಶ್ರೀಧರ, ಇದು ಯಾರ ಅಮ್ಮ?” ಎಂದ.

ನಾನು ಬರಹದ ಭಾಷೆ, ಆಡುಮಾತು ಎಂದು ವಿವರಿಸತೊಡಗಿದೆ. ಓದುವವರಿಗೆ ಅರ್ಥವಾಗಬೇಕಲ್ಲ ಎಂದೂ ಹೇಳಿದೆ. ನಮ್ಮ ಊರಲ್ಲಿ ಓದುವವರಿಲ್ಲವಾ ಎಂದು ಅವನು ಕೇಳಿದ. ದನಿ ಏರಿಸಲಿಲ್ಲ. ನಾನು ಏರಿಸಿದೆ. ನಿನ್ನ ಬರಹದಲ್ಲಿ ಮೂವತ್ತು ತಪ್ಪಿತ್ತು, ಥ್ಯಾಂಕ್ಸ್ ಹೇಳುವುದು ಬಿಟ್ಟು ಜಗಳಕ್ಕೆ ಬಂದಿದ್ದೀಯ ಎಂದೆ. ಅವನು ಪತ್ರಿಕೆಯನ್ನು ಶೂ ಇಡುವ ಸ್ಟ್ಯಾಂಡಿನ ಮೇಲೆ ಇಟ್ಟು ಹೊರಟುಹೋದ. ಆರು ತಿಂಗಳಲ್ಲಿ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೋದನೆಂದು ಬೇರೆಯವರಿಂದ ಕೇಳಿದೆ. ಪತ್ರಿಕೆ ಅಷ್ಟರಲ್ಲೇ ನಿಂತಿತ್ತು. ಏಳು ವರ್ಷ ನಾವು ಮಾತಾಡಲಿಲ್ಲ.

ಈ ಏಳು ವರ್ಷವೂ ನಾನು ಕೊರಗುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಸರಿ ಎಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ಅನುಮಾನ ಹುಟ್ಟಿಸಿದ್ದು ಇನ್ನೂರೈವತ್ತು ವರ್ಷದ ಹಿಂದಿನ ಒಬ್ಬ ಅನಾಮಧೇಯ, ಅದೂ ಯುರೋಪಿನವನು.

ಮಗಳು ನಿಧಿ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುತ್ತಾಳೆ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಚಿಂತಕರು ಒಬ್ಬರಾದ ಮೇಲೊಬ್ಬರಂತೆ ಶಾಶ್ವತ ಶಾಂತಿಯ ಯೋಜನೆಗಳನ್ನು ಬರೆದು ಅಚ್ಚು ಹಾಕಿಸಿದರಲ್ಲ, ಅದರ ಮೇಲೆ ಅವಳ ಅಸೈನ್‌ಮೆಂಟ್. ಇಂಗ್ಲಿಷಿನಲ್ಲಿ ಅಚ್ಚಾದ ಅಂಥದೊಂದು ಕಿರುಹೊತ್ತಗೆ ಲೈಬ್ರರಿಯೊಂದರ ಅಪರೂಪದ ಪುಸ್ತಕಗಳ ಕೋಣೆಯಲ್ಲಿದೆ, ನೋಡಲು ಬರುತ್ತೀಯಾ ಎಂದು ಕರೆದಳು. ಹಳೆಯ ಮುದ್ರಣ ಎಂದರೆ ನನಗೆ ಊಟ ತಿಂಡಿ ಬೇಡ. ರಜೆ ಹಾಕಿ ಹೋದೆ.

ಒಳಗೆ ಬಿಡುವ ಮುಂಚೆ ಗ್ರಂಥಪಾಲಕಿ ನನ್ನ ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ನಯವಾಗಿ ಕೇಳಿ ಈಸಿಕೊಂಡರು. ಆ ಕೋಣೆಯಲ್ಲಿ ಪೆನ್ನು ನಿಷಿದ್ಧ. ಅಪ್ಪನನ್ನು ಹೀಗೆ ನಿರಾಯುಧನನ್ನಾಗಿ ಮಾಡಿ ಕೂರಿಸಿದ್ದರೆ ಏನಾಗುತ್ತಿತ್ತೋ ಎಂದುಕೊಂಡೆ. ಹೊತ್ತಗೆಯನ್ನು ಮೆತ್ತನೆಯ ದಿಂಬಿನ ಮೇಲೆ ಮಲಗಿಸಿ ತಂದರು. ಅಂಗೈಗಿಂತ ಸ್ವಲ್ಪ ದೊಡ್ಡದು, ಅರವತ್ತು ಪುಟ ಇದ್ದೀತು. ಹಳೆಯ ಬಟ್ಟೆ ಕೊಳೆಸಿ ಮಾಡಿದ ಕಾಗದ, ನಿನ್ನೆ ಮೊನ್ನೆಯದರಂತೆ ಬೆಳ್ಳಗಿತ್ತು. ಬೆರಳಿನಿಂದ ಸವರಿದರೆ ಮೊಳೆ ಒತ್ತಿದ ಕಡೆಯೆಲ್ಲ ಸಣ್ಣ ತಗ್ಗು ತಾಗುತ್ತಿತ್ತು. ಯಾರೋ ಒಬ್ಬ ಕಂಪೋಸಿಟರ್ ಬೆಳಕು ಇರುವಷ್ಟು ಹೊತ್ತು ನಿಂತು ಕಟ್ಟಿದ ಸಾಲುಗಳು. ಇನ್ನೊಬ್ಬ ಮರದ ಯಂತ್ರದ ಹಿಡಿ ಎಳೆದು ಎಳೆದು ಒತ್ತಿದ ಪುಟಗಳು.

ಮೊದಲ ಪುಟದಲ್ಲೇ ನಾನು ಹನ್ನೆರಡು ತಪ್ಪು ಹಿಡಿದೆ. ‘ಎಸ್’ ಇರಬೇಕಾದ ಕಡೆಯೆಲ್ಲ ‘ಎಫ್’ ಹಾಕಿದ್ದರು. ಇಷ್ಟು ಅಜಾಗರೂಕತೆಯಿಂದ ಅಚ್ಚುಹಾಕಿದರೆ ರಾಜರು ಶಾಂತಿಯಿಂದಿರುತ್ತಾರೆಯೇ ಎಂದು ಮಗಳಿಗೆ ಪಿಸುಗುಟ್ಟಿದೆ. ಅವಳು ತಲೆ ತಗ್ಗಿಸಿಕೊಂಡಳು. ಗ್ರಂಥಪಾಲಕಿ ಬಂದು, ಆ ಕಾಲದಲ್ಲಿ ಉದ್ದನೆಯ ‘ಎಸ್’ ಎಂಬ ಬೇರೆಯೇ ಅಕ್ಷರವಿತ್ತೆಂದೂ, ನೋಡಲು ಅದು ಹಾಗೆ ಕಾಣುತ್ತದೆಂದೂ ತಿಳಿಹೇಳಿದರು. ಹನ್ನೆರಡಕ್ಕೆ ಹನ್ನೆರಡೂ ಸರಿಯಾಗಿದ್ದವು.

ಆಮೇಲೆ ಬಾಯಿ ಮುಚ್ಚಿಕೊಂಡು ಓದಿದೆ. ನಿಧಿ ಅಲ್ಲಲ್ಲಿ ಹಿನ್ನೆಲೆ ಹೇಳುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ನಮ್ಮ ಮನೆಯ ಪದ್ಧತಿ. ಆಗಿನ ಕಾಲದಲ್ಲಿ ಇಂಥದನ್ನು ಬರೆಯುವುದು ಅಪಾಯದ ಕೆಲಸವಂತೆ. ಅದಕ್ಕೆ ಎಷ್ಟೋ ಪುಸ್ತಕಗಳಲ್ಲಿ ಲೇಖಕನ ಹೆಸರಿರುತ್ತಿರಲಿಲ್ಲ. ಒಂದು ಊರಿನಲ್ಲಿ ಅಚ್ಚು ಹಾಕಿ ಮುಖಪುಟದ ಮೇಲೆ ಇನ್ನೊಂದು ಊರಿನ ಹೆಸರು ಹಾಕುತ್ತಿದ್ದರು. ಬಟ್ಟೆಯ ಮೂಟೆಗಳ ನಡುವೆ ಬಚ್ಚಿಟ್ಟು ಗಡಿ ದಾಟಿಸುತ್ತಿದ್ದರು. ಇಷ್ಟೆಲ್ಲ ಕಷ್ಟಪಟ್ಟು ಅವರು ಹೇಳುತ್ತಿದ್ದದ್ದು ಇಷ್ಟೆ: ದೊರೆಗಳೆಲ್ಲ ಒಂದು ಮೇಜಿನ ಸುತ್ತ ಕೂತು ಮಾತಾಡಲಿ, ಜಗಳವಿದ್ದರೆ ಎಲ್ಲರೂ ಒಪ್ಪಿದ ಪಂಚಾಯಿತಿ ತೀರ್ಮಾನಿಸಲಿ, ಸೈನ್ಯಗಳನ್ನು ಮನೆಗೆ ಕಳಿಸಲಿ. ಒಂದನೆಯ ಕಲಮು, ಎರಡನೆಯ ಕಲಮು ಎಂದು ಕರಾರುಪತ್ರದ ಹಾಗೆಯೇ ಬರೆದಿದ್ದರು. ಸಹಿ ಹಾಕುವುದೊಂದು ಬಾಕಿ. ಯಾವ ದೊರೆಯೂ ಹಾಕಲಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ. ಬುದ್ಧಿವಂತರು ಆಗಲೇ ಇವರನ್ನು ನೋಡಿ ನಕ್ಕರಂತೆ. ನನಗೆ ನಗು ಬರಲಿಲ್ಲ. ಅಕ್ಷರವನ್ನು ಸರಿಯಾಗಿ ಜೋಡಿಸಿ ಜನರ ಕೈಗೆ ಮುಟ್ಟಿಸಿದರೆ ಲೋಕ ಸ್ವಲ್ಪವಾದರೂ ಅಲುಗುತ್ತದೆ ಎಂದು ನಂಬಿದ್ದವರು ಅವರು. ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಪತ್ರಿಕೆ ಇಟ್ಟುಬರುತ್ತಿದ್ದವನು ನಗುವ ಹಾಗೂ ಇರಲಿಲ್ಲ.

ಅಭ್ಯಾಸಬಲದಿಂದ ಕೊನೆಯ ಪುಟ ತೆರೆದೆ. ಅಲ್ಲಿತ್ತು. ಪುಟ, ಸಾಲು, ತಪ್ಪು, ಒಪ್ಪು. ಮುದ್ರಣದ ವೇಳೆ ಲೇಖಕರು ದೂರದ ಊರಿನಲ್ಲಿದ್ದುದರಿಂದ ಹನ್ನೊಂದು ತಪ್ಪುಗಳು ನುಸುಳಿವೆ, ತಿದ್ದಿ ಓದಿಕೊಳ್ಳಬೇಕು ಎಂದು ಕೇಳಿಕೊಂಡಿದ್ದರು. ಅದರಲ್ಲಿ ಒಂದಂತೂ, ದೊರೆಗಳು ಕಾಯಂ ಸೈನ್ಯ ಇಟ್ಟುಕೊಳ್ಳಕೂಡದು ಎಂಬ ಕಲಮಿನಲ್ಲಿ ‘ಕೂಡದು’ ಎಂಬ ಅರ್ಥ ಕೊಡುವ ಆ ಪುಟ್ಟ ಪದವೇ ಬಿಟ್ಟುಹೋಗಿತ್ತು. ಇಟ್ಟುಕೊಳ್ಳತಕ್ಕದ್ದು ಎಂದೇ ಅಚ್ಚಾಗಿತ್ತು.

ನಾನು ನಗುತ್ತಾ ನಿಧಿಗೆ ತೋರಿಸಿದೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, ಇಡೀ ಪುಸ್ತಕದಲ್ಲಿ ನಿಜವಾಗಿ ಜಾರಿಗೆ ಬಂದದ್ದು ಈ ಪುಟ ಒಂದೇ ಅಲ್ಲವಾ ಎಂದಳು. ಬೇರೆಯವರು ಏನೇನು ಮಾಡಬೇಕು ಎಂದು ಐವತ್ತೊಂಬತ್ತು ಪುಟ ಬರೆದಿದ್ದಾನೆ, ತಾನು ಮಾಡಬೇಕಾದದ್ದನ್ನು ಒಂದು ಪುಟದಲ್ಲಿ ಮಾಡಿ ಮುಗಿಸಿದ್ದಾನೆ. ಹೀಗೆ ಹೇಳಿ ಅವಳು ಪೆನ್ಸಿಲಿನಲ್ಲಿ ಏನೋ ಗುರುತು ಮಾಡಿಕೊಂಡಳು. ಅಸೈನ್‌ಮೆಂಟಿಗೆ ಒಂದು ಪಾಯಿಂಟ್ ಸಿಕ್ಕಿತೆಂಬ ಖುಷಿ ಅವಳಿಗೆ. ನಾನು ಮಾತ್ರ ಬ್ಲ್ಯಾಕ್‌ಟೌನ್ ಬರುವವರೆಗೂ ರೈಲಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಏನು ನೋಡಿದೆನೋ ನೆನಪಿಲ್ಲ.

ಮಾರನೆಯ ದಿನ ನಾನೂ ಒಂದು ಶಾಂತಿ ಯೋಜನೆ ಬರೆದೆ. ಐದು ಕಲಮುಗಳು. ಇಬ್ಬರೂ ಹಳೆಯದನ್ನು ಮರೆಯತಕ್ಕದ್ದು, ಸಂಪಾದಕನ ಅಧಿಕಾರವನ್ನು ಲೇಖಕ ಗೌರವಿಸತಕ್ಕದ್ದು, ಇತ್ಯಾದಿ. ನನ್ನ ಹೆಂಡತಿ ವಸುಧಾ ಬೀನ್ಸ್ ಮುರಿಯುತ್ತಾ ಓದಿದಳು.

“ರೀ, ಇದ್ರಲ್ಲಿ ಐದೂ ಅವ್ರೇ ಮಾಡ್ಬೇಕಾದ್ದಲ್ವಾ? ನಿಮ್ದೇನಿದೆ?” ಎಂದಳು.

ಅದನ್ನು ಹರಿದುಹಾಕಿ ಹಳೆಯ ಈಮೇಲ್ ತೆಗೆದೆ. ಸ್ಟ್ಯಾನಿ ಕಳಿಸಿದ್ದ ಮೂಲವನ್ನು ಒಂದು ಕಡೆ, ನಾನು ಅಚ್ಚು ಹಾಕಿಸಿದ್ದನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದೆ. ಅಂದು ಮೂವತ್ತು ತಪ್ಪು ಎಂದಿದ್ದೆನಲ್ಲ, ಲೆಕ್ಕ ಮಾಡಿದರೆ ನಾನು ಕೈಯಾಡಿಸಿದ್ದು ನಲವತ್ತಮೂರು ಕಡೆ. ಮೂಲದಲ್ಲಿ ನಿಜವಾದ ತಪ್ಪು ಎನ್ನಬಹುದಾದದ್ದು ಎರಡು. ಒಂದು ಒತ್ತಕ್ಷರ ಜಾರಿತ್ತು, ಒಂದು ಕಡೆ ಪೂರ್ಣವಿರಾಮವಿರಲಿಲ್ಲ. ಉಳಿದ ನಲವತ್ತೊಂದರಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದರು. ನಾನು ಅವರ ಬಾಯಿ ಮುಚ್ಚಿಸಿ ಮೈಸೂರಿನ ಮೇಷ್ಟ್ರೊಬ್ಬರನ್ನು ಕೂರಿಸಿದ್ದೆ. ಹೊಡೆದುಹಾಕಿದ್ದ ಆ ಉಲ್ಟಾ ಅಕ್ಷರದ ಮಾತನ್ನು ಮತ್ತೆ ಓದಿದಾಗ, ಬಾಲ್ಯದಲ್ಲಿ ಅಪ್ಪನ ಜೊತೆ ಹೋಗಿ ಪ್ರೆಸ್ಸಿನ ಸ್ಟೂಲಿನ ಮೇಲೆ ಕೂತು ಮೊಳೆಗಳನ್ನು ನೋಡಿದ ನನಗಾದರೂ ಅದು ಅಸಂಭವ ಎಂದು ಹೇಗೆ ಅನ್ನಿಸಿತು ಎಂದು ನನ್ನ ಮೇಲೇ ಸಿಟ್ಟು ಬಂತು.

ಪಟ್ಟಿ ತಯಾರಾಯಿತು. ನಾಲ್ಕು ಅಂಕಣ, ನಲವತ್ತೊಂದು ಸಾಲು. ‘ತಪ್ಪು’ ಎಂಬುದರ ಕೆಳಗೆ ನಾನು ಹಾಕಿದ್ದು, ‘ಒಪ್ಪು’ ಎಂಬುದರ ಕೆಳಗೆ ಸ್ಟ್ಯಾನಿ ಬರೆದದ್ದು. ಒಂದು ಕಡೆ ಮಾತ್ರ ಅವನ ಹಳೆಯ ಫಾಂಟ್ ಒಡೆದು ಬರೀ ಚೌಕಗಳು ಕಾಣುತ್ತಿದ್ದವು. ಅಲ್ಲಿ ಊಹಿಸಿ ತುಂಬಿದೆ. ಮೇಲೆ, ಈ ತಪ್ಪುಗಳೆಲ್ಲ ಸಂಪಾದಕನವು, ಲೇಖಕರ ಒಪ್ಪಿಗೆಯಿಲ್ಲದೆ ಆದವು ಎಂದು ಬರೆದು ನನ್ನ ಹೆಸರು ಹಾಕಿದೆ. ಇದನ್ನು ಅವನಿಗೊಬ್ಬನಿಗೆ ಕಳಿಸಿದರೆ ಸಾಲದೇ ಎಂದು ವಸುಧಾ ಕೇಳಿದಳು. ಸಾಲದು ಎಂದೆ. ಇನ್ನೂರು ಜನರ ಮುಂದೆ ಮಾಡಿದ್ದನ್ನು ಒಬ್ಬನ ಕಿವಿಯಲ್ಲಿ ಹೇಳಿ ಮುಗಿಸಲಾಗದು. ಈ ವಿಷಯದಲ್ಲಿ ನನಗೆ ಈಗಲೂ ಎರಡನೆಯ ಯೋಚನೆಯಿಲ್ಲ.

ಅದೇ ಪ್ರಿಂಟ್ ಅಂಗಡಿಯಲ್ಲಿ ಇನ್ನೂರು ಪ್ರತಿ ಮಾಡಿಸಿ ಶನಿವಾರ ಪೆಂಡಲ್ ಹಿಲ್‌ಗೆ ಹೋದೆ. ಏಳು ವರ್ಷದ ಹಿಂದಿನ ಪತ್ರಿಕೆ ಯಾರಿಗೂ ನೆನಪಿರಲಿಲ್ಲ. ಅಂಗಡಿಯ ಹುಡುಗಿಗೆ ಕನ್ನಡ ಬಾರದು, ನನ್ನ ಹಿಂದಿ ಅವಳಿಗೆ ತಿಳಿಯದು. ಯಾವುದೋ ಪೂಜೆಯ ಕರಪತ್ರ ಎಂದುಕೊಂಡು ಎಲ್ಲರ ಚೀಲಕ್ಕೂ ಒಂದೊಂದು ಹಾಕಿದಳು. ತಮಿಳರಿಗೂ ಗುಜರಾತಿಗಳಿಗೂ ನನ್ನ ತಪ್ಪೊಪ್ಪಿಗೆ ಸಂದಾಯವಾಯಿತು. ಬೆಂಗಳೂರಿನ ಕಡೆಯ ಹೆಂಗಸೊಬ್ಬರು ಹಾಳೆಯನ್ನು ಎರಡೂ ಬದಿ ತಿರುಗಿಸಿ ನೋಡಿ, ಅಂಕಲ್, ಇದ್ರಲ್ಲಿ ತಪ್ಪು ಯಾವ್ದು ಒಪ್ಪು ಯಾವ್ದು, ನಂಗೆ ಎರಡೂ ಸರಿಯಾಗೇ ಕಾಣತ್ತೆ ಎಂದರು. ಇಡೀ ಜಗಳವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ಹಾಳೆಯ ಫೋಟೊ ಯಾರ ವಾಟ್ಸ್ಯಾಪಿನಿಂದ ಯಾರಿಗೆ ಹೋಯಿತೋ, ಮುಂದಿನ ಬುಧವಾರ ಮಧ್ಯಾಹ್ನ ನಾನು ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವಾಗ ಫೋನ್ ಬಂತು. ಸ್ಟ್ಯಾನಿಯ ಹೆಸರು ಕಂಡು ಡಬ್ಬಿ ಮುಚ್ಚಿಟ್ಟು ಎತ್ತಿದೆ. ಹಲೋ ಎನ್ನುವ ಮೊದಲೇ ಆ ಕಡೆಯಿಂದ ಮಾತು.

“ಹದಿನಾಲ್ಕನೇ ಸಾಲು ತಪ್ಪುಂಟು.”

ಅದು ನಾನು ಊಹಿಸಿ ತುಂಬಿದ್ದ ಸಾಲು. ಅಪ್ಪ ಒಳಗೆ ಉಂಟು ಎಂಬುದೇ ಅಮ್ಮನಿಗೆ ಧೈರ್ಯ, ಎಂದು ಹಾಕಿದ್ದೆ.

“ಮನುಷ್ಯರಿಗೆ ನಾವು ಉಂಟು ಹೇಳುದಿಲ್ಲ ಮಾರಾಯ. ಅಪ್ಪ ಏನು ಕುರ್ಚಿಯಾ?”

ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಅವನು ಏಳು ವರ್ಷ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿ ಹೇಳಿದ. ಅಂದು ಆ ಸಂಚಿಕೆಯನ್ನು ಅವನು ಊರಿಗೆ ಕಳಿಸಿದ್ದ. ಕಣ್ಣು ಮಂಜಾಗಿದ್ದ ತಾಯಿಗೆ ಅವನ ತಂಗಿಯ ಮಗಳು ಓದಿ ಹೇಳಿದಳಂತೆ. ಪೂರ್ತಿ ಕೇಳಿ ಅವರು, ಇದು ನಮ್ಮ ಸ್ಟ್ಯಾನಿ ಬರೆದದ್ದಲ್ಲ, ಯಾರೋ ಮೇಷ್ಟ್ರು ಬರೆದದ್ದು ಎಂದು ಹೇಳಿ ಎದ್ದುಹೋದರಂತೆ. ಅವನು ನನ್ನ ಹೊಸ್ತಿಲಿಗೆ ಬಂದು ನಿಂತದ್ದು ಊರಿನಿಂದ ಇದನ್ನು ಹೇಳಲು ಬಂದ ಫೋನ್ ಮುಗಿಸಿ.

ನಾನು ಏನೋ ಹೇಳಲು ಹೋದೆ. ಅವನು ತಡೆದ.

“ಮಾಂಯ್ ಈಗ ನನ್ನೊಟ್ಟಿಗೆ ಇಲ್ಲೇ ಇದ್ದಾರೆ. ಸರಿಯಾದ್ದನ್ನು ಅವರಿಗೆ ಓದಿ ಹೇಳ್ಬೇಕಾದ್ದು ನೀನು, ನಾನಲ್ಲ. ಬಾ” ಎಂದ. ಮಾಂಯ್ ಎಂದರೆ ಅವರಲ್ಲಿ ಅಮ್ಮ.

ಹೋದೆ. ಸಿಡ್ನಿಯಿಂದ ಮೆಲ್ಬರ್ನಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಏಳು ವರ್ಷ ದಾಟಲಾಗದ ದೂರವೇನಲ್ಲ. ಮಂಗಳೂರಿನವರು ಕೋಳಿಸಾರಿನ ಜೊತೆ ತಿನ್ನುವ, ಪೆಂಡಲ್ ಹಿಲ್‌ನಲ್ಲಿ ಸಿಕ್ಕ ಕೋರಿರೊಟ್ಟಿಯ ಪ್ಯಾಕೆಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಉಂಟು, ಹೇಳುದು, ಮಾಡುದು ಎಂದು ತುಟಿಯಲ್ಲೇ ಅಭ್ಯಾಸ ಮಾಡಿದೆ. ಆ ಕಿರುಹೊತ್ತಗೆಯ ಅನಾಮಧೇಯನೂ ನೆನಪಾದ. ದೊರೆಗಳು ಕೂರಬೇಕಾದ ಮೇಜಿನ ಅಳತೆಯವರೆಗೂ ಯೋಚಿಸಿದ್ದವನು, ಅವರು ಬಾಗಿಲು ತಟ್ಟಿದಾಗ ಮೊದಲ ಮಾತು ಏನಾಡಬೇಕು ಎಂದು ಎಲ್ಲೂ ಬರೆದಿರಲಿಲ್ಲ.

ಬರೆಯುವ ಅಗತ್ಯವಿರಲಿಲ್ಲ ಎಂದು ಟಾರ್ನೀಟ್ ಬಡಾವಣೆಯ ಅವನ ಮನೆ ತಲುಪಿದಾಗ ಗೊತ್ತಾಯಿತು. ಸ್ಟ್ಯಾನಿ ಬಾಗಿಲು ತೆರೆದು ಪ್ಯಾಕೆಟ್ ಕಸಿದುಕೊಂಡು, ಪುಳಿಚಾರು ಬ್ರಾಹ್ಮಣ ಕೋರಿರೊಟ್ಟಿ ತಂದಿದ್ದಾನೆ ನೋಡಿ ಎಂದು ಒಳಗೆ ಕೂಗಿದ. ಅವನ ತಲೆ ಪೂರ್ತಿ ನೆರೆತಿತ್ತು. ನನ್ನದು ಪೂರ್ತಿ ಉದುರಿತ್ತು.

ಸೆವ್ರಿನಾ ಬಾಯಿ ಅಡುಗೆಮನೆಯ ಮೇಜಿನ ಪಕ್ಕ, ಬಿಸಿಲು ಬೀಳುವ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳನೆಯ ಹೆಂಗಸು, ಸೀರೆಯ ಮೇಲೆ ಮೊಮ್ಮಗನ ಫುಟ್‌ಬಾಲ್ ತಂಡದ ಜಾಕೆಟ್. ನಾನು ಬಗ್ಗಿ ಪಾದ ಮುಟ್ಟಿದೆ. ಆ ಮೇಷ್ಟ್ರು ನೀವೆಯಾ ಎಂದು ಕೇಳಿದರು. ಹೌದಮ್ಮ ಎಂದೆ. ಓದಿ ಎಂದರು.

ಓದಿದೆ. ನಲವತ್ತೊಂದು ಕಡೆಯೂ ಅವನು ಬರೆದ ಹಾಗೆಯೇ, ಹದಿನಾಲ್ಕನೆಯದನ್ನೂ ಸರಿಮಾಡಿಕೊಂಡು ಓದಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಾಗದದ ಅಕ್ಷರ ಉಲ್ಟಾ ಕಾಣುತ್ತಿದ್ದ ಮಾತು ಬಂದಾಗ ಮುಗುಳ್ನಕ್ಕರು. ನನ್ನ ಎದೆ ಹಗುರಾಯಿತು. ಅಲ್ಲಿಂದ ಸ್ಟ್ಯಾನಿ, ಮೊಳೆ ಚೆಲ್ಲಿದ ದಿನಕ್ಕೆ ಹಿಂದಿರುಗಿ ಲೇಖನ ಮುಗಿಸಿದ್ದ. “ಅಕ್ಷರ ಎಲ್ಲಾ ಇಲ್ಲೇ ಉಂಟು, ಎಲ್ಲಿಗೂ ಹೋಗ್ಲಿಲ್ಲ” ಎಂಬ ಮಾತನ್ನು ಕೊನೆಯಲ್ಲಿ ಇನ್ನೊಮ್ಮೆ ಹೇಳಿಸಿದ್ದ. ಅದನ್ನು ಸಾಧ್ಯವಾದಷ್ಟು ಮಂಗಳೂರಿನ ರಾಗದಲ್ಲಿ ಓದಿ ತಲೆಯೆತ್ತಿದೆ.

ಅವರು ತಲೆಯಾಡಿಸುತ್ತಿದ್ದರು.

“ನಾನು ಹಾಗೆ ಹೇಳ್ಲಿಲ್ಲ.”

ಸ್ಟ್ಯಾನಿ ಚಹಾ ಸೋಸುತ್ತಿದ್ದವನು ತಿರುಗಿದ. ಮಾಂಯ್, ಅಪ್ಪನೇ ಹೇಳಿದ್ದಲ್ವಾ, ಧಣಿಗಳ ಎದುರು ನಿಂತು ನೀವು ಹೀಗೆ ಅಂದ್ರಿ ಅಂತ, ಎಂದು ಕೇಳಿದ.

“ಆಗ ನನಗೆ ಕನ್ನಡ ಎಲ್ಲಿ ಬರ್ತಿತ್ತು? ಧಣಿಗಳಿಗೆ ನಾನು ಎಂತದ್ದೂ ಹೇಳ್ಲಿಲ್ಲ. ಅವರು ಬೈದು ಹೋಗಿ ಆಗಿತ್ತು. ನಾನು ಹೇಳಿದ್ದು ನಿನ್ನ ಅಪ್ಪನಿಗೆ. ಸಕ್ಕಡ್ ಹಾಂಗಾಚ್ ಆಸಾತ್, ಅಂತ.”

ಎಲ್ಲಾ ಇಲ್ಲೇ ಇವೆ, ಎಲ್ಲಾ ಇಲ್ಲೇ ಉಂಟು. ಕೊಂಕಣಿಯಲ್ಲಿ ಎರಡಕ್ಕೂ ಅದೇ ಮಾತು. ಇದೆ ಮತ್ತು ಉಂಟು ಎಂದು ನಾವಿಬ್ಬರು ಏಳು ವರ್ಷ ಮಾತು ಬಿಟ್ಟಿದ್ದ ವಾಕ್ಯವನ್ನು ಅವರು ಕನ್ನಡದಲ್ಲಿ ಆಡಿಯೇ ಇರಲಿಲ್ಲ.

“ಅಪ್ಪನಿಗೆ ಯಾಕೆ ಹೇಳಿದ್ದು?” ಎಂದು ಸ್ಟ್ಯಾನಿ ಕೇಳಿದ.

ಅವರು ಮಗನ ಕಡೆ ತಿರುಗಿದರು.

“ಅವರು ಅಳ್ತಾ ಇದ್ರು” ಎಂದರು.

ಸ್ಟ್ಯಾನಿ ಪಾತ್ರೆ ಕೆಳಗಿಟ್ಟು ಅವರ ಎದುರಿನ ಕುರ್ಚಿಯಲ್ಲಿ ಕೂತ. ಅವನ ತಂದೆ ಅತ್ತದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ಕೇಳಿರಲೂ ಇಲ್ಲ. ತಂದೆ ಮಗನಿಗೆ ಹೇಳುವಾಗ ತಮ್ಮ ಅಳುವನ್ನು ತೆಗೆದು, ಅಲ್ಲಿ ಹೆಂಡತಿಯ ಧೈರ್ಯವನ್ನು ಇಟ್ಟು ಹೇಳಿದ್ದರು. ಮಗ ಅದನ್ನು ಕನ್ನಡ ಮಾಡಿದ, ನಾನು ಅದನ್ನು ಶುದ್ಧ ಕನ್ನಡ ಮಾಡಿದೆ. ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಅಚ್ಚುಕಟ್ಟು ಮಾಡಿದ ಮಾತಿನ ಒಳಗೆ ನಿಜವಾಗಿ ಇದ್ದದ್ದು, ನೆಲದ ಮೇಲೆ ಕೂತು ಗಂಡನನ್ನು ಸಮಾಧಾನ ಮಾಡುತ್ತಿದ್ದ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು.

ಚಹಾ ಆರಿತು. ಸ್ಟ್ಯಾನಿ ಕೊನೆಗೆ ನನ್ನ ಕಡೆ ತಿರುಗಿ, ಇನ್ನೊಮ್ಮೆ ಬರೆಯುವಾ, ಮೊದಲಿಂದ, ಆದರೆ ಅಪ್ಪ ಅತ್ತದ್ದು ಬೇಡ ಎಂದ. ಅದೇ ಮುಖ್ಯವಾದದ್ದು, ಅದನ್ನು ಬಿಡಬಾರದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಸಂಪಾದಕನಾಗಿ ನನಗೆ ಅದರಲ್ಲಿ ಸಂಶಯವೇ ಇರಲಿಲ್ಲ. ನುಂಗಿಕೊಂಡೆ. ನೀನು ಹೇಳಿದ ಹಾಗೆ, ಎಂದೆ. ನನ್ನ ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಕಷ್ಟದ ಮಾತು ಅದು ಎಂದರೆ ವಸುಧಾ ನಂಬುವುದಿಲ್ಲ.

ಸೆವ್ರಿನಾ ಬಾಯಿ ಇಬ್ಬರನ್ನೂ ನೋಡಿದರು.

“ಬರಿ” ಎಂದು ಮಗನಿಗೆ ಹೇಳಿದರು. “ಅವರು ಅತ್ತದ್ದಕ್ಕೇ ನಾನು ಮೂರು ದಿನ ಕೂತದ್ದು.”

ಸ್ಟ್ಯಾನಿ ಎದ್ದು ಫ್ರಿಜ್ಜಿನ ಮೇಲಿದ್ದ ತನ್ನ ಮಗನ ನೋಟ್‌ಪುಸ್ತಕ ತಂದು ನನ್ನ ಮುಂದೆ ಇಟ್ಟ. ಅವರು ಕೊಂಕಣಿಯಲ್ಲಿ ಹೇಳುತ್ತಾ ಹೋದರು, ಅವನು ನಿಂತು ನಿಂತು, ಒಮ್ಮೊಮ್ಮೆ ಕಣ್ಣೊರೆಸಿಕೊಂಡು, ತನ್ನ ಕನ್ನಡದಲ್ಲಿ ಹೇಳುತ್ತಾ ಹೋದ. ನಾನು ಒಂದಕ್ಷರವನ್ನೂ ಮುಟ್ಟದೆ ಬರೆದುಕೊಂಡೆ.